ಕೂಡಿಕೊಂಡ ಮೂಳೆ

ನಡುಮಧ್ಯಾಹ್ನ ಎಂದಿನಂತೆ ಎಲ್ಲರ ಮೈ ಗಾಜಿನಷ್ಟು ತಿಳಿಯಾಗಿ, ಮೂಳೆಗಳು ಕಾಣಿಸಿದವು. ಗದುಗಿನ ಶಾಲೆಯ ಅಂಗಳದಲ್ಲಿ ಶಿಕ್ಷಕಿ ಶಾಂತಲಾ ಮೂಳೆಯ ಪಾಠ ಶುರುಮಾಡಿದರು. ಮೆಹರುನ್ನಿಸಾ ಮಾತ್ರ ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿದಳು. ಮರದಿಂದ ಬಿದ್ದು ಮುರಿದಿದ್ದ ಕೈಯ ಪಟ್ಟಿಯನ್ನು ಅಂದು ಬೆಳಿಗ್ಗೆಯಷ್ಟೇ ಬಿಚ್ಚಿದ್ದರು.

"ಅಕ್ಕೋರ, ನಾ ಇನ್ನ ಖೊಖೊ ಆಡಾಕ ಆಗಂಗಿಲ್ಲೇನ್ರಿ?"

"ಮೊದಲ ಕೈ ತೋರಸವ್ವಾ."

ಅವಳು ಕಣ್ಣು ಮುಚ್ಚಿ ಕೈಚಾಚಿದಳು. ಕಣ್ಣು ಬಿಟ್ಟು ನೋಡಿದರೆ, ಮುರಿದಲ್ಲಿ ಹೊಸ ಮೂಳೆ ಬೆಳ್ಳಗೆ ಉಬ್ಬಿ ಎರಡೂ ತುಂಡುಗಳನ್ನು ಬಿಗಿಯಾಗಿ ಹಿಡಿದಿತ್ತು.

"ಇದನ್ನ ಡಾಕ್ಟರು ಬೆಸದಾರೇನ್ರಿ?"

"ಅವರು ನೆಟ್ಟಗ ಕೂಡ್ಸಿ ಕಟ್ಟಿದ್ರಷ್ಟ. ನೀ ಕುಡದ ಹಾಲು, ಉಂಡ ರೊಟ್ಟಿ ತಗೊಂಡು ನಿನ್ನ ಮೈಯೇ ಬೆಸದೈತಿ."

ಮೆಹರುನ್ನಿಸಾ ಎಡಗೈಯಿಂದ ಅಲ್ಲಿ ಮುಟ್ಟಿದಳು. ತಾನು ಹೆದರಿ ಅಳುತ್ತಿದ್ದಾಗಲೆಲ್ಲ ಮೈ ಸದ್ದಿಲ್ಲದೆ ತನ್ನ ಕೆಲಸ ಮಾಡುತ್ತಲೇ ಇತ್ತು.