ಒಂದೇ ಮಂಚದ ಖೋಲಿ

ಹಾಸ್ಟೆಲಿನಲ್ಲಿ ಸೀಟು ಸಿಗದ ಗೆಳೆಯ ಚನ್ನಬಸುವನ್ನು ಫಕೀರೇಶನೇ ಕರೆತಂದು ತನ್ನ ಬಾಡಿಗೆ ಖೋಲಿಯಲ್ಲಿ ಗುಟ್ಟಾಗಿ ಇರಿಸಿಕೊಂಡಿದ್ದ. ಮನೆಯೊಡತಿಗೆ ಸಪ್ಪಳ ಕೇಳಬಾರದೆಂದು ಫಕೀರೇಶ ಹೇಳಿದ್ದರಿಂದ ಚನ್ನಬಸು ಚಪ್ಪಲಿ ಕೈಯಲ್ಲಿ ಹಿಡಿದೇ ಮೆಟ್ಟಿಲು ಹತ್ತುತ್ತಿದ್ದ. ಪರೀಕ್ಷೆ ಹತ್ತಿರ ಬಂದಂತೆ ಒಂದೇ ಮಂಚದಲ್ಲಿ ಇಬ್ಬರು ಮಲಗುವುದು ಫಕೀರೇಶನಿಗೆ ಸಾಕಾಗಿಹೋಯಿತು. ‘ಹೋಗು’ ಎನ್ನಲು ಮಾತ್ರ ನಾಲಿಗೆ ಏಳಲಿಲ್ಲ. ಒಂದು ಮಧ್ಯಾಹ್ನ ಗೆಳೆಯ ಲೈಬ್ರರಿಗೆ ಹೋದಾಗ, ಕೆಳಗಿಳಿದು ಮನೆಯೊಡತಿಯ ಮುಂದೆ ನಿಂತ.

“ಆಯಿ, ನನ್ನ ಖೋಲ್ಯಾಗ ಇನ್ನೊಬ್ಬಂವ ಬಂದು ಇರಾಕತ್ಯಾನ್ರಿ. ಬ್ಯಾಡಂದ್ರೂ ಕೇಳವಲ್ಲ. ನೀವ ಹೇಳ್ರಿ ಅವಗ.”

ಸುಳ್ಳು ಹೇಳಿದ ಮೇಲೆ ಅವನಿಗೆ ತಲೆ ಎತ್ತಲಾಗಲಿಲ್ಲ.

ಆಯಿ ಮೆಂತ್ಯೆಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ.

“ಗೊತ್ತೈತಿ. ಬಂದ ದಿನಾನ ನನ್ನ ಮುಂದ ಹೇಳ್ಯಾನ. ‘ಬೇಕಾದ್ರ ನನ್ನ ಹೊರಗ ಹಾಕ್ರಿ, ನನ್ನ ಸಲುವಾಗಿ ಅವನ ಖೋಲಿ ಬಿಡಸಬ್ಯಾಡ್ರಿ’ ಅಂತ ಕೈ ಮುಗದಿದ್ದ.”