ಎರಡು ಹಗ್ಗದ ಜೋಲಿ

ಸೀರೆಯ ಜೋಲಿಗೆ ಎರಡು ಹಗ್ಗ. ಒಂದನ್ನು ಆಚೆಯಿಂದ ತನುಜಳ ಅಮ್ಮ ಎಳೆಯುತ್ತಿದ್ದರೆ, ಇನ್ನೊಂದನ್ನು ಈಚೆಯಿಂದ ಅವಳ ಅತ್ತೆ. ತೊಂಡೇಬಾವಿಯಿಂದ ಮೊಮ್ಮಗನನ್ನು ನೋಡಲು ಬಂದ ಅಮ್ಮನಿಗೆ ಚಿಂತಾಮಣಿಯ ಅತ್ತೆ ತಮ್ಮ ಹಗ್ಗ ಬಿಟ್ಟುಕೊಟ್ಟಿರಲಿಲ್ಲ. ಹಾಗಾಗಿ ಎರಡನೆಯದು ಬಂದಿತ್ತು. ಅಮ್ಮನದು ಕನ್ನಡ ಲಾಲಿ, ಅತ್ತೆಯದು ತೆಲುಗು. ಮಧ್ಯಾಹ್ನದಿಂದ ಮಗುವಿನದು ಒಂದೇ ರಾಗದ ಅಳು.

ಅಡುಗೆಮನೆಯಿಂದ ಬಂದ ತನುಜ ಬಾಗಿಲಲ್ಲೇ ನಿಂತಳು. ಇಬ್ಬರೂ ಒಟ್ಟೊಟ್ಟಿಗೇ ಎಳೆಯುತ್ತಿದ್ದರು, ಜೋಲಿ ನಡುವೆ ಅಲುಗಾಡದೆ ನಿಂತಿತ್ತು. ಒಂದಕ್ಕೊಂದು ತದ್ವಿರುದ್ಧವಾದ ಎರಡು ಸಮ ಆಂದೋಲನಗಳು ಕೂಡಿದರೆ ಸೊನ್ನೆ ಎಂದು ಕಾಲೇಜಿನಲ್ಲಿ ಪ್ರತಿ ವರ್ಷ ಭೌತಶಾಸ್ತ್ರದ ಪಾಠ ಮಾಡುವವಳು ಅವಳು. "ಒಬ್ರಾದ್ಮೇಲೆ ಒಬ್ರು ಎಳೀರಿ" ಎನ್ನಲು ಬಾಯಿ ತೆರೆದವಳಿಗೆ ಅಳು ಕೇಳಿಸುತ್ತಿಲ್ಲ ಎಂದು ಹೊಳೆಯಿತು. ಇಣುಕಿದಳು. ಮಗು ಮುಷ್ಟಿ ಬಿಗಿದು ನಿದ್ದೆ ಹೋಗಿತ್ತು.

"ನೋಡ್ದೇನೇ ನನ್ನ ಕೈಗುಣ?" ಅಮ್ಮ ಪಿಸುಗುಟ್ಟಿದರು.

"ನನ್ನ ಲಾಲಿಗೆ ಮಲಗಿದ್ದು ಕಣಮ್ಮಾ," ಎಂದರು ಅತ್ತೆ.

ತನುಜ ನಗು ನುಂಗಿಕೊಂಡಳು. "ಇಬ್ರೂ ಎಳೀತಿರೋದ್ರಿಂದ್ಲೇ ಜೋಲಿ ಅಲ್ಲಾಡ್ತಿಲ್ಲ, ಅದಕ್ಕೇ ಮಲಗಿದಾನೆ. ಒಬ್ರು ಕೈಬಿಟ್ರೂ ಎದ್ದುಬಿಡ್ತಾನೆ."

ಬೀಗಿತ್ತಿಯರಿಬ್ಬರೂ ಅಂದು ಮೊದಲ ಬಾರಿಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬಿಡಬೇಡಿ ಬೀಗರೇ," ಎಂದರು ಅತ್ತೆ.