ಅಳತೆಯ ಲೋಟ

ಲೋಟವನ್ನು ಮುಂದೆ ತಂದಿಟ್ಟರೂ ಪೇಂಟರಮ್ಮ ಕೈ ಚಾಚಲಿಲ್ಲ.

“ಇದೇನು ಡಾಕ್ಟ್ರೇ?”

“ಅಳತೆ ಮಾಡಿದ ಮದ್ಯ ಅಮ್ಮ. ಕುಡಿಯೋಕೆ ಮುಂಚಿನ ಮೆದುಳಿನ ಚಿತ್ರ ತೆಗೆದಾಯ್ತಲ್ಲ, ಇದನ್ನ ಕುಡಿದ ಮೇಲೆ ಇನ್ನೊಂದು ತೆಗೀತೀವಿ. ಎರಡನ್ನೂ ಹೋಲಿಸಿ ನೋಡೋದೇ ನಮ್ಮ ಸಂಶೋಧನೆ” ಎಂದ ಎಳೆಯ ಡಾಕ್ಟರ್, ಬಲು ಉತ್ಸಾಹದಿಂದ.

ಆಸ್ಪತ್ರೆಯಲ್ಲಿ ಈ ಸಂಶೋಧನೆಗೆ ಹೆಸರು ಕೊಟ್ಟಾಗ ಅವಳು ಕುಡಿಯುತ್ತಿದ್ದಳು, ಸುಳ್ಳಲ್ಲ. ಕತ್ತೆತ್ತಿ, ಕೈಯೆತ್ತಿ ಊರವರ ಸೂರಿಗೆಲ್ಲ ಬಣ್ಣ ಬಳಿದೂ ಬಳಿದೂ ಬಲಭುಜ ಹಿಡಿದುಕೊಂಡಿತ್ತು. ಆ ನೋವು ಮರೆತು ನಿದ್ದೆ ಮಾಡಲು ಹೋಗಿ ಕುಡಿತ ಗಂಟುಬಿದ್ದಿತ್ತು. ಆಸ್ಪತ್ರೆಯವರು ಕರೆಯುವ ಹೊತ್ತಿಗೆ ಹಲ್ಲು ಕಚ್ಚಿ ಅದನ್ನು ಬಿಟ್ಟಾಗಿತ್ತು. ಈಗಲೂ ಕುಡೀತೀಯಾ ಎಂದು ಯಾರೂ ಕೇಳಲಿಲ್ಲ. ಸಂಶೋಧನೆಗೆ ಬಂದರೆ ಭುಜದ ಡಾಕ್ಟರಿಗೆ ಹೇಳಿ ಬೇಗ ಚಿಕಿತ್ಸೆ ಕೊಡಿಸುತ್ತೇವೆ ಎಂದರು. ತಲೆಯ ಫೋಟೋ ತಾನೇ, ತೆಗೆದುಕೊಳ್ಳಲಿ ಬಿಡು ಎಂದು ಬಂದಿದ್ದಳು.

“ನಾನು ಕುಡಿಯೋದು ಬಿಟ್ಟಿದ್ದೀನಿ.”

ಡಾಕ್ಟರ್ ಕಂಪ್ಯೂಟರಿನ ಕಡೆ ನೋಡಿದ. “ಇಲ್ಲಿ ಕುಡೀತಾರೆ ಅಂತಾನೇ ಇದೆಯಲ್ಲ... ಇದೊಂದು ಸಲ, ಅಮ್ಮ. ನೀವು ಅರ್ಧಕ್ಕೆ ಎದ್ದು ಹೋದ್ರೆ ಭುಜದ ಡಾಕ್ಟರಿಗೆ ನಾನು ಏನಂತ ಹೇಳಲಿ?”

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಗಂಡ ಗಂಟಲು ಸರಿಮಾಡಿಕೊಂಡ. “ಔಷಧಿ ಅಂದ್ಕೊಂಡು ಕುಡಿದ್ಬಿಡೇ. ಮಗ್ಗುಲು ತಿರುಗೋಕಾಗದೆ ನೀನು ನರಳೋದು ನೋಡೋಕಾಗಲ್ಲ ನನಗೆ.”

“ಆಹಾಹಾ! ನನ್ನ ಬಾಟಲಿಗಳನ್ನೆಲ್ಲ ಬಚ್ಚಲಿಗೆ ಸುರಿದ ಮಹಾನುಭಾವರು ಹೇಳ್ತಿರೋ ಮಾತಾ ಇದು? ಅವತ್ತು ವಿಷ ಆಗಿದ್ದು ಇವತ್ತು ಔಷಧಿ ಆಯ್ತೇನ್ರೀ?”

ಅವಳಿಗೆ ಆಸೆಯೇ ಆಗಲಿಲ್ಲ ಅಂದರೆ ಅದು ಶುದ್ಧ ಸುಳ್ಳು. ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಯಲ್ಲಿ ನೀರೂರಿತ್ತು. ಮೆದುಳಿನ ಚಿತ್ರ ತೆಗೆಯುವ ಆ ಯಂತ್ರದೊಳಗೆ ಅಲ್ಲಾಡದೆ ಮಲಗಿದ್ದರಿಂದ ಭುಜ ಬೇರೆ ಕಿತ್ತು ಬರುವ ಹಾಗೆ ಸಿಡಿಯುತ್ತಿತ್ತು. ಲೋಟ ಖಾಲಿ ಮಾಡಿದರೆ ಈ ಗಳಿಗೆಯ ನೋವೂ ಹೋಯಿತು, ನಾಳೆಯ ಚಿಕಿತ್ಸೆಯೂ ಸಿಕ್ಕಿತು. ಆದರೆ ನಾಡಿದ್ದಿನ ಗತಿಯೇನು? ಒಂದು ಲೋಟ ಒಂದಕ್ಕೇ ನಿಲ್ಲುವುದಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳಿಗೆ ಸಿಟ್ಟು ನೆತ್ತಿಗೇರಿತು.

“ಕುಡಿಯಲ್ಲ ಅಂದ್ರೆ ಕುಡಿಯಲ್ಲ. ಈ ಭುಜ ಹೋದ್ರೆ ಹೋಗ್ಲಿ, ಇನ್ನೊಂದಿದೆ. ತಲೆ ಇರೋದು ಒಂದೇ.”

“ಹಾಗಾದ್ರೆ ಎರಡನೇ ಚಿತ್ರ ತೆಗೆದೂ ಪ್ರಯೋಜನ ಇಲ್ಲ. ನೀವಿನ್ನು ಹೊರಡಬಹುದು.”

“ಯಾಕೆ ಪ್ರಯೋಜನ ಇಲ್ಲ?”

ಅವಳು ಎದ್ದವಳೇ ಸೀದಾ ಯಂತ್ರದ ಕೋಣೆಗೆ ನಡೆದಳು. ಏಳದ ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದುಕೊಂಡೇ ಮಂಚ ಹತ್ತಿ ಮಲಗಿದಳು. ಬಾಗಿಲಲ್ಲಿ ಡಾಕ್ಟರ್ ಕಣ್ಣು ಕಣ್ಣು ಬಿಡುತ್ತಾ ನಿಂತ.

“ಆ ಲೋಟ ತಂದು ನನ್ನ ಮೂಗಿನ ಹತ್ರ ಹಿಡೀರಿ, ಆಮೇಲೆ ತೆಗೀರಿ ಚಿತ್ರ. ಕುಡಿದವರ ತಲೆ ನೀವು ಬೇಕಾದಷ್ಟು ನೋಡಿದ್ದೀರಿ. ಬೇಕು ಬೇಕು ಅಂತ ಜೀವ ಬಾಯ್ಬಿಡ್ತಾ ಇದ್ರೂ ಬೇಡ ಅನ್ನುತ್ತಲ್ಲ, ಅದು ಈ ತಲೇಲಿ ಎಲ್ಲಿ ಕೂತಿದೆ? ಮೊದಲು ಅದನ್ನ ಹುಡುಕಿ!”